ಬಾವಿ, ಸುರಂಗ, ಹೊಳೆ ನೀರಿನ ಪರೀಕ್ಷೆಗೆ ಯಾವ ಸ್ವಯಂಚಾಲಿತ ವಿಶ್ಲೇಷಕ? ಎಸ್‌ಎಫ್‌ಎ, ಎಫ್‌ಐಎ, ಡಿಸ್‌ಕ್ರೀಟ್ ಆಯ್ಕೆಯ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಬದಿಯಡ್ಕದ ಕೆಮಿಸ್ಟ್

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಸಣ್ಣದೊಂದು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ನಾನು ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಇಬ್ಬರು ಕೆಮಿಸ್ಟರು, ಒಬ್ಬ ಸಹಾಯಕ, ಒಂದು ಸ್ಪೆಕ್ಟ್ರೋಫೋಟೋಮೀಟರ್, ಇಷ್ಟೇ ನಮ್ಮ ಬಲ. ಮಳೆಗಾಲ ಕಳೆದ ಮೇಲೆ ದಿನಕ್ಕೆ ಹತ್ತು ಹನ್ನೆರಡು ಮಾದರಿ ಬಂದರೆ ಹೆಚ್ಚು. ಆದರೆ ಏಪ್ರಿಲಿನಲ್ಲಿ ಬಾವಿಗಳ ತಳ ಕಾಣತೊಡಗಿದಲ್ಲಿಂದ ಹಿಡಿದು, ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ಮಳೆಯ ಕೆಂಪು ನೀರು ಬಾವಿಗಿಳಿಯುವವರೆಗೆ, ದಿನಕ್ಕೆ ನಲವತ್ತು ಮಾದರಿಗಳು ಬರುವುದೂ ಉಂಟು. ಪ್ರತಿಯೊಂದಕ್ಕೂ ನೈಟ್ರೇಟ್, ನೈಟ್ರೈಟ್, ಅಮೋನಿಯಾ, ಫಾಸ್ಫೇಟ್ ಎಂದು ನಾಲ್ಕು ಬಣ್ಣದ ಪರೀಕ್ಷೆಗಳನ್ನು ಕೈಯಿಂದಲೇ ಮಾಡಬೇಕು. ಬಣ್ಣ ಏರಲು ಕಾಯುವ ಸಮಯ, ಅಳತೆ, ಗಾಜಿನ ಸಾಮಾನು ತೊಳೆಯುವ ಕೆಲಸ ಎಲ್ಲ ಸೇರಿದರೆ ಆ ಎರಡು ತಿಂಗಳು ನಾವು ರಾತ್ರಿ ಎಂಟು ಗಂಟೆಯ ಮೊದಲು ಮನೆಗೆ ಹೋದದ್ದಿಲ್ಲ.

ಈ ವರ್ಷ ಒಂದು ಸ್ವಯಂಚಾಲಿತ ಯಂತ್ರಕ್ಕೆ ಹಣ ಮಂಜೂರಾಗಿದೆ. ಒಂದೇ ಯಂತ್ರ, ತಪ್ಪಿ ಕೊಂಡರೆ ಇನ್ನು ಹತ್ತು ವರ್ಷ ಬದಲಾಯಿಸುವ ಹಾಗಿಲ್ಲ. ಮೂರು ಕಂಪನಿಯವರು ಬಂದು ಹೋದರು. ಒಬ್ಬರು ಗಾಳಿಗುಳ್ಳೆಗಳಿಂದ ತುಂಡರಿಸಿದ ಹರಿವಿನ ಎಸ್‌ಎಫ್‌ಎ, ಇನ್ನೊಬ್ಬರು ಹರಿವಿಗೆ ಮಾದರಿ ಚುಚ್ಚುವ ಎಫ್‌ಐಎ, ಮೂರನೆಯವರು ಪ್ರತಿ ಪರೀಕ್ಷೆಯನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಮಾಡುವ ಡಿಸ್‌ಕ್ರೀಟ್ ಅನಲೈಜರ್ ಎನ್ನುತ್ತಾರೆ. ಮೂವರ ಮಾತೂ ಕೇಳುವಾಗ ಸರಿ ಎನ್ನಿಸುತ್ತದೆ, ಅದೇ ನನ್ನ ಸಂಕಟ.

ನಮ್ಮಲ್ಲಿಗೆ ಬರುವ ನೀರು ಮೂರು ಬಗೆಯದು. ಎಣ್ಮಕಜೆ, ಪೆರ್ಲ, ಬದಿಯಡ್ಕ ಕಡೆಯ ಮುರಕಲ್ಲಿನ (ಕೆಂಪುಕಲ್ಲಿನ) ಬಾವಿ ಮತ್ತು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳ ನೀರು ಕನ್ನಡಿಯಂತೆ ತಿಳಿಯಾಗಿದ್ದು, ಲವಣಾಂಶ ತೀರಾ ಕಡಿಮೆ, ಸ್ವಲ್ಪ ಆಮ್ಲೀಯ, ಕೆಲವೆಡೆ ಕಬ್ಬಿಣವಿದೆ. ಉಪ್ಪಳ, ಕುಂಬಳೆ, ಮೊಗ್ರಾಲ್ ಕರಾವಳಿಯ ಬಾವಿಗಳಲ್ಲಿ ಮೇ ತಿಂಗಳಲ್ಲಿ ಬಾಯಿಗೆ ಹಾಕಿದರೇ ಗೊತ್ತಾಗುವಷ್ಟು ಉಪ್ಪು ಏರುತ್ತದೆ. ಇನ್ನು ಚಂದ್ರಗಿರಿ, ಶಿರಿಯಾ ಹೊಳೆಗಳ ಮಾದರಿಗಳು. ಇವುಗಳಲ್ಲಿ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಪತ್ತೆಹಚ್ಚಲೂ ಕಷ್ಟವಾಗುವಷ್ಟು ಕಡಿಮೆ ಫಾಸ್ಫೇಟ್.

ನಾನು ಮುಖ್ಯವಾಗಿ ತಿಳಿಯಬೇಕಾದದ್ದು ಇಷ್ಟು. ಈ ಮೂರು ಬಗೆಯ ನೀರಿಗೂ ಒಗ್ಗುವ ವಿಧಾನ ಯಾವುದು? ನೈಟ್ರೇಟನ್ನು ನೈಟ್ರೈಟಿಗೆ ಇಳಿಸುವ ಕ್ಯಾಡ್ಮಿಯಂ ಕಾಲಂ ಅನಿವಾರ್ಯವೇ? ಆಗಾಗ ವಿದ್ಯುತ್ ಹೋಗುವ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗೋಡೆಯೇ ಬೆವರುವ ಊರಿನಲ್ಲಿ ಯಾವ ಯಂತ್ರ ಬಾಳುತ್ತದೆ? ಬಳಸಿ ಅನುಭವವಿದ್ದವರು ದಯವಿಟ್ಟು ಬರೆಯಿರಿ.

ಉತ್ತರ 1: ಹೊಸೂರಿನ ಲ್ಯಾಬಿನಿಂದ

ನಮಸ್ಕಾರ ಸರ್. ಹೊಸೂರಿನಲ್ಲಿ ಕಾರ್ಖಾನೆಗಳ ತ್ಯಾಜ್ಯನೀರು ಹಾಗೂ ಕೊಳವೆಬಾವಿ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಈ ಮೂರೂ ಬಗೆಯ ಯಂತ್ರಗಳ ಮೇಲೆ ಬೇರೆ ಬೇರೆ ಕಾಲದಲ್ಲಿ ನಾನು ಕೆಲಸ ಮಾಡಿದ್ದೇನೆ. ಮೂವರ ಮಾತೂ ಸರಿ ಎನ್ನಿಸುವುದಕ್ಕೆ ಕಾರಣವಿದೆ: ಮೂರರ ರಸಾಯನಶಾಸ್ತ್ರ ಬಹುಪಾಲು ಒಂದೇ. ನೈಟ್ರೈಟಿಗೆ ಸಲ್ಫಾನಿಲಮೈಡ್ ಹಾಕಿ 540 ನ್ಯಾನೋಮೀಟರ್ ಆಸುಪಾಸಿನಲ್ಲಿ ಅಳೆಯುವ ನೇರಳೆಗೆಂಪು, ಅಮೋನಿಯಾಕ್ಕೆ ಸ್ಯಾಲಿಸಿಲೇಟಿನ ಹಸಿರುನೀಲಿ, ಫಾಸ್ಫೇಟಿಗೆ ಮಾಲಿಬ್ಡೇಟಿನ ನೀಲಿ. ಬೇರೆಯಾಗುವುದು ಮಾದರಿ ಮತ್ತು ರಾಸಾಯನಿಕ ಎಲ್ಲಿ, ಹೇಗೆ, ಎಷ್ಟು ಹೊತ್ತು ಕೂಡುತ್ತವೆ ಎಂಬುದು ಮಾತ್ರ. ಆದ್ದರಿಂದ ಆಯ್ಕೆಯನ್ನು ಅಲ್ಲಿಂದಲೇ ಶುರುಮಾಡಬೇಕು.

ಎಸ್‌ಎಫ್‌ಎ ಎಲ್ಲಕ್ಕಿಂತ ಹಳೆಯದು. ಅಮೆರಿಕದ ಲೆನರ್ಡ್ ಸ್ಕೆಗ್ಸ್ 1957ರಲ್ಲಿ ಆಸ್ಪತ್ರೆಯ ರಕ್ತಪರೀಕ್ಷೆಗಾಗಿ ಪ್ರಕಟಿಸಿದ ಈ ವಿಧಾನ ಅಲ್ಲಿಂದ ನೀರಿನ ಪ್ರಯೋಗಾಲಯಗಳಿಗೆ ಬಂತು. ನಳಿಗೆಯಲ್ಲಿ ಹರಿಯುವ ದ್ರವದ ನಡುವೆ ಸಮ ಅಂತರದಲ್ಲಿ ಗಾಳಿಯ ಗುಳ್ಳೆಗಳನ್ನು ಸೇರಿಸುತ್ತಾರೆ; ಹಿಂದಿನ ಮಾದರಿ ಮುಂದಿನದರೊಂದಿಗೆ ಬೆರೆಯದಂತೆ ಗುಳ್ಳೆ ತಡೆಯುತ್ತದೆ, ಗಾಜಿನ ಸುರುಳಿಯಲ್ಲಿ ಉರುಳುತ್ತಾ ಒಳಗಿನ ದ್ರವವೂ ಚೆನ್ನಾಗಿ ಕಲೆಯುತ್ತದೆ. ಹೀಗಾಗಿ ಬಿಸಿ ಮಾಡಿ ಹತ್ತು ನಿಮಿಷ ಕಾಯಬೇಕಾದ ನಿಧಾನ ಪ್ರತಿಕ್ರಿಯೆಯನ್ನೂ ಬಹುತೇಕ ಪೂರ್ಣಗೊಳಿಸಿಯೇ ಅಳೆಯಬಹುದು. ಉದ್ದನೆಯ ಫ್ಲೋಸೆಲ್ (ಬೆಳಕು ಹಾಯಿಸಿ ಬಣ್ಣ ಅಳೆಯುವ ಕೋಶ) ಹಾಕಿದರೆ ಸಮುದ್ರದ ನೀರಿನ ಸೂಕ್ಷ್ಮ ಫಾಸ್ಫೇಟ್ ಕೂಡ ಸಿಗುತ್ತದೆ. ನಿಮ್ಮ ಚಂದ್ರಗಿರಿಯ ಬೇಸಿಗೆ ಮಾದರಿಗಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಬೆಳಿಗ್ಗೆ ಶುರುಮಾಡಿದರೆ ಗುಳ್ಳೆಗಳ ಸಾಲು ಒಂದೇ ಅಳತೆಗೆ ಬಂದು ತಳರೇಖೆ ನೆಟ್ಟಗಾಗಲು ಅರ್ಧ ಗಂಟೆ ಬೇಕು. ನಡುವೆ ವಿದ್ಯುತ್ ಹೋದರೆ ನಳಿಗೆಯೊಳಗಿನ ಮಾದರಿಗಳೆಲ್ಲ ವ್ಯರ್ಥ. ಮತ್ತೆ ಮೊದಲಿನಿಂದ ಆರಂಭ.

ಎಫ್‌ಐಎಯಲ್ಲಿ ಗುಳ್ಳೆ ಇಲ್ಲ. 1975ರಲ್ಲಿ ಡೆನ್ಮಾರ್ಕಿನ ರುಜಿಚ್ಕಾ ಮತ್ತು ಹ್ಯಾನ್ಸನ್ ತೋರಿಸಿಕೊಟ್ಟಂತೆ, ಒಂದು ಮಿಲಿಮೀಟರಿಗಿಂತ ಸಣ್ಣ ರಂಧ್ರದ ನಳಿಗೆಯಲ್ಲಿ ಹರಿಯುತ್ತಿರುವ ದ್ರವದೊಳಕ್ಕೆ ವಾಲ್ವಿನ ಲೂಪಿನಿಂದ ನೂರು ಮೈಕ್ರೋಲೀಟರಿನಷ್ಟು ಮಾದರಿಯನ್ನು ಚುಚ್ಚಿದರೆ ಸಾಕು. ಬಣ್ಣ ಪೂರ್ತಿ ಏರುವವರೆಗೆ ಕಾಯುವುದೇ ಇಲ್ಲ. ಸ್ಟ್ಯಾಂಡರ್ಡಿಗೂ (ಪ್ರಮಾಣ ಗೊತ್ತಿರುವ ದ್ರಾವಣಕ್ಕೂ) ಮಾದರಿಗೂ ಸಮಯ ಮತ್ತು ಹರಡುವಿಕೆ ಒಂದೇ ಆಗಿರುವುದರಿಂದ ಅರೆ ಏರಿದ ಬಣ್ಣವೇ ನಂಬಿಕೆಗೆ ಅರ್ಹವಾಗುತ್ತದೆ. ಗಂಟೆಗೆ ಅರವತ್ತು ಮಾದರಿ ಕಷ್ಟವಲ್ಲ, ಶುರುವಾಗಲು ಹೆಚ್ಚು ಹೊತ್ತು ಬೇಡ. ಆದರೆ ನಿಮ್ಮ ಉಪ್ಪಳ, ಮೊಗ್ರಾಲಿನ ಉಪ್ಪುನೀರಿಗೆ ಇಲ್ಲೊಂದು ತೊಡಕಿದೆ. ಶುದ್ಧ ನೀರಿನ ಹರಿವಿನ ನಡುವೆ ಉಪ್ಪುನೀರಿನ ತುಣುಕು ಬಂದಾಗ ಎರಡರ ಅಂಚಿನಲ್ಲಿ ಬೆಳಕು ಬಾಗುತ್ತದೆ. ಬಣ್ಣವೇ ಇಲ್ಲದಿದ್ದರೂ ಡಿಟೆಕ್ಟರ್ ಒಂದು ಏರು, ಒಂದು ಇಳಿ ತೋರಿಸುತ್ತದೆ. ಹೊಸಬರು ಅದನ್ನು ಫಾಸ್ಫೇಟ್ ಎಂದೇ ಬರೆದುಬಿಡುತ್ತಾರೆ. ಕ್ಯಾರಿಯರ್ ದ್ರವಕ್ಕೂ ಸ್ಟ್ಯಾಂಡರ್ಡಿಗೂ ಅಷ್ಟೇ ಉಪ್ಪು ಸೇರಿಸಿದರೆ ಇದು ತಗ್ಗುತ್ತದೆ. ಆದರೆ ಸುರಂಗದ ನೀರೂ ಕಡಲಂಚಿನ ಬಾವಿಯ ನೀರೂ ಒಂದೇ ಟ್ರೇಯಲ್ಲಿ ಕುಳಿತಿರುವಾಗ ಯಾವುದಕ್ಕೆಂದು ಹೊಂದಿಸುತ್ತೀರಿ?

ಡಿಸ್‌ಕ್ರೀಟ್ ಎಂದರೆ ನಿಜಕ್ಕೂ ಹರಿವಿನ ವಿಧಾನವೇ ಅಲ್ಲ. ನೀವು ಕೈಯಿಂದ ಮಾಡುವುದನ್ನೇ ಯಂತ್ರದ ತೋಳು ಪುಟ್ಟ ಕ್ಯುವೆಟ್ಟುಗಳಲ್ಲಿ (ಬಣ್ಣ ಅಳೆಯುವ ಪಾತ್ರೆಗಳಲ್ಲಿ) ಮಾಡುತ್ತದೆ. ಒಂದು ಮಾದರಿಗೆ ನಾಲ್ಕು ಪರೀಕ್ಷೆ, ಪಕ್ಕದ್ದಕ್ಕೆ ಒಂದೇ ಪರೀಕ್ಷೆ ಎಂದು ಹೇಳಿದರೂ ಅದಕ್ಕೆ ಬೇಸರವಿಲ್ಲ. ಬಣ್ಣ ಬರಿಸುವ ಮೊದಲೇ ಮಾದರಿಯ ಸ್ವಂತ ಬಣ್ಣವನ್ನೂ ಕಲಕನ್ನೂ ಅಳೆದು ಕಳೆಯುವ ಅನುಕೂಲವಿರುವುದರಿಂದ ಎಲೆ ಕೊಳೆತು ಕಂದುಬಣ್ಣಕ್ಕೆ ತಿರುಗಿದ ಕೆದುವಿನ (ಕೊಳದ) ನೀರಿಗೆ ಇದು ಒಳ್ಳೆಯದು. ರಾಸಾಯನಿಕದ ಲೆಕ್ಕ ನೋಡಿ: ಹರಿವಿನ ಯಂತ್ರದಲ್ಲಿ ಒಂದೊಂದು ನಳಿಗೆಗೆ ನಿಮಿಷಕ್ಕೆ ಒಂದು ಮಿಲಿಲೀಟರಿನಂತೆ ಆರು ಗಂಟೆ ಓಡಿಸಿದರೆ 360 ಮಿಲಿಲೀಟರ್ ಹೋಗುತ್ತದೆ, ಅದೂ ಮಾದರಿ ಇರಲಿ ಇಲ್ಲದಿರಲಿ. ಡಿಸ್‌ಕ್ರೀಟಿನಲ್ಲಿ ಒಂದು ಪರೀಕ್ಷೆಗೆ 0.2 ಮಿಲಿಲೀಟರ್ ಎಂದಿಟ್ಟುಕೊಂಡರೆ ಅರವತ್ತು ಪರೀಕ್ಷೆಗೆ 12 ಮಿಲಿಲೀಟರ್. ತ್ಯಾಜ್ಯದ ಕ್ಯಾನೂ ಅದೇ ಪ್ರಮಾಣದಲ್ಲಿ ತುಂಬುತ್ತದೆ.

ಅದರ ಕೊರತೆ ಎರಡು. ಬೆಳಕು ಹಾಯುವ ಅಂತರ ಚಿಕ್ಕದು, ಆದ್ದರಿಂದ ತೀರಾ ಸೂಕ್ಷ್ಮ ಪ್ರಮಾಣ ಸಿಗುವುದಿಲ್ಲ. ಎರಡನೆಯದಾಗಿ, ಹರಿವಿನ ಯಂತ್ರಗಳಂತೆ ಬಟ್ಟಿ ಇಳಿಸುವುದು, ಅನಿಲವನ್ನು ಪೊರೆಯ ಮೂಲಕ ದಾಟಿಸಿ ಬೇರ್ಪಡಿಸುವುದು ಇದರೊಳಗೆ ಆಗುವುದಿಲ್ಲ. ಸೈನೈಡ್, ಫಿನಾಲ್ ಪರೀಕ್ಷಿಸುವ ನಮಗೆ ಆ ಕಾರಣಕ್ಕೇ ಎಫ್‌ಐಎ ಬೇಕಾಯಿತು. ನಿಮಗೆ ಅದರ ಅಗತ್ಯ ಕಾಣುತ್ತಿಲ್ಲ.

ವರ್ಷದ ಹತ್ತು ತಿಂಗಳು ಹತ್ತು ಮಾದರಿ, ಎರಡು ತಿಂಗಳು ನಲವತ್ತು, ಪ್ರತಿಯೊಂದಕ್ಕೂ ನಾಲ್ಕು ಪರೀಕ್ಷೆ ಎನ್ನುವ ಪ್ರಯೋಗಾಲಯಕ್ಕೆ ನಾನಾದರೆ ಡಿಸ್‌ಕ್ರೀಟ್ ಕೊಳ್ಳುತ್ತಿದ್ದೆ. ಹತ್ತು ಮಾದರಿಗಾಗಿ ಪರೀಕ್ಷೆಗೊಂದರಂತೆ ನಾಲ್ಕು ಹರಿವಿನ ಚಾನೆಲ್‌ಗಳನ್ನು ಎಬ್ಬಿಸಿ, ಸ್ಥಿರಗೊಳಿಸಿ, ಸಂಜೆ ತೊಳೆದು ಮಲಗಿಸುವ ಹೊತ್ತಿಗೆ ಕೈಯಿಂದಲೇ ಮುಗಿಸಬಹುದಿತ್ತು ಎನ್ನಿಸುತ್ತದೆ.

ಉತ್ತರ 2: ಅಕ್ಕಲಕೋಟೆ ಕಡೆಯವರು

ಹೊಸೂರಿನವರು ಬರೆದಿರುವುದನ್ನು ಒಪ್ಪುತ್ತೇನೆ, ಕೊನೆಯ ತೀರ್ಮಾನವನ್ನು ಮಾತ್ರ ಅಷ್ಟು ಸಲೀಸಾಗಿ ಒಪ್ಪಲಾರೆ. ಸೊಲ್ಲಾಪುರ ಜಿಲ್ಲೆಯ ನಮ್ಮ ಕಡೆ ಎರೆಮಣ್ಣು, ಕಬ್ಬು, ಗೊಬ್ಬರ; ನಮ್ಮ ಮುಖ್ಯ ಚಿಂತೆ ನೈಟ್ರೇಟ್ ಒಂದೇ. ಆರು ವರ್ಷಗಳಿಂದ ಕ್ಯಾಡ್ಮಿಯಂ ಕಾಲಂ ಇರುವ ಒಂದು ಚಾನೆಲ್ಲಿನ ಎಫ್‌ಐಎ ಓಡಿಸುತ್ತಿದ್ದೇನೆ. ಅದಕ್ಕೆ ಮುಂಚೆ ಇದ್ದ ಪ್ರಯೋಗಾಲಯದಲ್ಲಿ ಡಿಸ್‌ಕ್ರೀಟ್ ಇತ್ತು. ಅದರ ತೋಳು ಒಮ್ಮೆ ನಡುದಾರಿಯಲ್ಲಿ ನಿಂತಾಗ ಕಂಪನಿಯ ಇಂಜಿನಿಯರ್ ಬರಲು ಮೂರು ವಾರ ಹಿಡಿಯಿತು, ಅಷ್ಟು ದಿನ ಯಂತ್ರಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದೆವು. ಎಫ್‌ಐಎಯಲ್ಲಿ ಕೆಡುವುದೆಂದರೆ ಪಂಪಿನ ಟ್ಯೂಬು, ಕೀಲು, ಕಾಲಂ. ಎಲ್ಲವೂ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ರೋಲರಿನ ಕೆಳಗೆ ಚಪ್ಪಟೆಯಾಗಿ ಹೊಳಪು ಕಳೆದುಕೊಂಡ ಟ್ಯೂಬನ್ನು ಬೆರಳಲ್ಲಿ ಹೊರಳಿಸಿ ನೋಡಿದರೆ ಅದರ ದಿನ ಮುಗಿಯಿತೆಂದು ಗೊತ್ತಾಗುತ್ತದೆ, ಹತ್ತು ನಿಮಿಷದಲ್ಲಿ ಬದಲಿಸಬಹುದು. ನಿಮ್ಮ ಊರಿಗೆ ಸರ್ವಿಸಿನವರು ಎಲ್ಲಿಂದ, ಎಷ್ಟು ದಿನದಲ್ಲಿ ಬರುತ್ತಾರೆಂದು ಬರಹದಲ್ಲಿ ಪಡೆಯದೆ ಡಿಸ್‌ಕ್ರೀಟ್ ಕೊಳ್ಳಬೇಡಿ.

ಕ್ಯಾಡ್ಮಿಯಂ ಬಗ್ಗೆ ಕೇಳಿದ್ದೀರಿ. ಈ ವಿಧಾನದಲ್ಲಿ ನೈಟ್ರೇಟ್ ನೇರವಾಗಿ ಬಣ್ಣ ಕೊಡುವುದಿಲ್ಲ, ಅದನ್ನು ಮೊದಲು ನೈಟ್ರೈಟಿಗೆ ಇಳಿಸಬೇಕು. ತಾಮ್ರ ಲೇಪಿಸಿದ ಕ್ಯಾಡ್ಮಿಯಂ ಕಣಗಳ ಕಾಲಂ ಆ ಕೆಲಸವನ್ನು ತುಂಬ ಚೆನ್ನಾಗಿ ಮಾಡುತ್ತದೆ, ಆದರೆ ಗಾಳಿ ಸೋಕಬಾರದು. ಒಂದು ಸೋಮವಾರ ಬಫರ್ ಬಾಟಲಿ ಬರಿದಾದದ್ದನ್ನು ಸಹಾಯಕ ಗಮನಿಸಲಿಲ್ಲ. ಕಾಲಮ್ಮಿನೊಳಗೆ ಕೂದಲೆಳೆಯಷ್ಟು ಬೆಳ್ಳಿಗೆರೆ ಕಂಡಿತು, ಗಾಳಿ ಹೊಕ್ಕಿತ್ತು. ಯಂತ್ರ ನಿಲ್ಲಲಿಲ್ಲ, ಪೀಕುಗಳು ನೋಡಲು ಸುಂದರವಾಗಿಯೇ ಬರುತ್ತಿದ್ದವು. ಆದರೆ 10 ಮಿಲಿಗ್ರಾಂ ನೈಟ್ರೇಟ್ ಸ್ಟ್ಯಾಂಡರ್ಡ್ 8.1 ಎಂದು ಓದಿತು, ಅಷ್ಟೇ ಸಾರಜನಕವಿರುವ ನೈಟ್ರೈಟ್ ಸ್ಟ್ಯಾಂಡರ್ಡ್ ಮಾತ್ರ 10ಕ್ಕೇ ನಿಂತಿತು. ಈ ಎರಡನ್ನೂ ಪಕ್ಕಪಕ್ಕ ಇಡುವ ಅಭ್ಯಾಸವಿಲ್ಲದಿದ್ದರೆ ಆ ದಿನದ ಎಪ್ಪತ್ತು ಬಾವಿಗಳ ವರದಿ ತಪ್ಪಾಗಿ ಹೋಗುತ್ತಿತ್ತು. ಅಂದಿನಿಂದ ಪ್ರತಿ ಟ್ರೇಯ ಆರಂಭದಲ್ಲೂ ಕೊನೆಯಲ್ಲೂ ಈ ಜೋಡಿಯನ್ನು ಇಡುತ್ತೇನೆ, ನೈಟ್ರೇಟಿನ ಓದು ನೈಟ್ರೈಟಿನ ಓದಿನ ಶೇಕಡಾ 90ಕ್ಕಿಂತ ಕೆಳಗಿಳಿದರೆ ಕಾಲಂ ಬದಲಿಸುತ್ತೇನೆ. ನಿಮ್ಮ ಮುರಕಲ್ಲಿನ ಕಬ್ಬಿಣ ಈ ಕಾಲಮ್ಮಿನ ದಕ್ಷತೆಯನ್ನು ತಗ್ಗಿಸಬಲ್ಲದು. ಅಮೋನಿಯಂ ಕ್ಲೋರೈಡ್ ಬಫರಿಗೆ ಲೋಹವನ್ನು ಹಿಡಿದಿಡುವ ಇಡಿಟಿಎ ಸೇರಿಸುವುದು ಅದಕ್ಕಾಗಿಯೇ. ಆಮ್ಲ ಹಾಕಿ ಕಾಪಿಟ್ಟ ಮಾದರಿಯನ್ನು ತಟಸ್ಥಗೊಳಿಸದೆ ಕಾಲಮ್ಮಿಗೆ ಬಿಡಬೇಡಿ. ಹೊರಬರುವ ದ್ರವದಲ್ಲಿ ಕ್ಯಾಡ್ಮಿಯಂ ಇರುತ್ತದೆ, ಅದನ್ನು ಬೇರೆ ಕ್ಯಾನಿನಲ್ಲಿ ಸಂಗ್ರಹಿಸಬೇಕು, ಸಿಂಕಿಗೆ ಹೋಗಬಾರದು.

ಡಿಸ್‌ಕ್ರೀಟಿನಲ್ಲಿ ಸಾಮಾನ್ಯವಾಗಿ ಕಾಲಂ ಇರುವುದಿಲ್ಲ. ವೆನೇಡಿಯಂ ಕ್ಲೋರೈಡ್, ಹೈಡ್ರಜೀನ್ ಅಥವಾ ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವ, ಈ ಮೂರರಲ್ಲಿ ಒಂದನ್ನು ಬಳಸುತ್ತಾರೆ. ಹೈಡ್ರಜೀನ್ ವಿಷ, ಮೇಲಾಗಿ ಕ್ಷಾರದಲ್ಲಿ ನಡೆಯುವ ಕ್ರಿಯೆಯಾದ್ದರಿಂದ ನಮ್ಮಂಥ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೆಳ್ಳಗೆ ಗಸಿಯಾಗಿ ತೊಂದರೆ ಕೊಡುತ್ತವೆ. ನಿಮ್ಮ ಮೆದುನೀರಿಗೆ ಆ ಚಿಂತೆ ಕಡಿಮೆ. ಕಿಣ್ವಕ್ಕೆ ಫ್ರಿಜ್ ಬೇಕು.

ಇನ್ನೊಂದು ಮಾತು, ಯಂತ್ರ ಯಾವುದಾದರೂ ಇದು ಅನ್ವಯಿಸುತ್ತದೆ. ಈ ಯಂತ್ರಗಳು ಸಾಮಾನ್ಯವಾಗಿ ಫಲಿತಾಂಶವನ್ನು ಸಾರಜನಕದ ಲೆಕ್ಕದಲ್ಲಿ ಕೊಡುತ್ತವೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ 45 ಮಿಲಿಗ್ರಾಂ ಮಿತಿ ಇರುವುದು ನೈಟ್ರೇಟಿನ ಲೆಕ್ಕದಲ್ಲಿ. ಪರದೆಯ ಮೇಲೆ 12 ಎಂದು ಕಂಡರೆ ಅದನ್ನು 4.43ರಿಂದ ಗುಣಿಸಬೇಕು; ಅದು ಲೀಟರಿಗೆ 53 ಮಿಲಿಗ್ರಾಂ ನೈಟ್ರೇಟ್, ಅಂದರೆ ಕುಡಿಯಲು ಯೋಗ್ಯವಲ್ಲದ ಬಾವಿ. ಗುಣಿಸದೆ ಯೋಗ್ಯವೆಂದು ಬರೆದ ವರದಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಸುಗೂಸಿನ ಹಾಲಿನ ಪುಡಿಗೆ ಅದೇ ಬಾವಿಯ ನೀರು ಬೆರೆಸುವ ಮನೆಗಳಿರುತ್ತವೆ ಎಂಬುದು ನೆನಪಿರಲಿ.

ಉತ್ತರ 3: ಮಡಕಶಿರಾದಿಂದ

ನಮ್ಮ ಕಡೆ ಫ್ಲೋರೈಡೇ ದೊಡ್ಡ ವಿಷಯವಾದ್ದರಿಂದ ಅದೊಂದನ್ನೇ ಹೇಳುತ್ತೇನೆ. ಯಾವ ಯಂತ್ರ ತೆಗೆದುಕೊಂಡರೂ ಮಾರುವವರು ಫ್ಲೋರೈಡ್ ಮತ್ತು ಕ್ಲೋರೈಡನ್ನೂ ಸೇರಿಸಿ ಕೊಡುತ್ತೇವೆ ಎನ್ನುತ್ತಾರೆ. ಫ್ಲೋರೈಡಿಗೆ ಅಯಾನ್ ಎಲೆಕ್ಟ್ರೋಡ್ ಮತ್ತು ಟಿಸ್ಯಾಬ್ ಬಫರ್ ಸಾಕು. ಮಿತಿ 1.0, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ, ಆ ವ್ಯಾಪ್ತಿಯಲ್ಲಿ ಎಲೆಕ್ಟ್ರೋಡ್ ತುಂಬ ನಂಬಿಕಸ್ಥ. ಬಣ್ಣದ ಸ್ಪ್ಯಾಡ್ನ್ಸ್ ವಿಧಾನಕ್ಕೆ ಅಲ್ಯುಮಿನಿಯಂ, ಕ್ಲೋರಿನ್ ಎಲ್ಲವೂ ಅಡ್ಡ ಬರುತ್ತವೆ. ಕ್ಲೋರೈಡಿನ ಸ್ವಯಂಚಾಲಿತ ವಿಧಾನದಲ್ಲಿ ಪಾದರಸದ ಥಯೋಸಯನೇಟ್ ಇರುತ್ತದೆ. ಬೆಳ್ಳಿ ನೈಟ್ರೇಟಿನ ಟೈಟ್ರೇಶನ್ ಗೊತ್ತಿರುವ ಪ್ರಯೋಗಾಲಯ ಪಾದರಸದ ತ್ಯಾಜ್ಯವನ್ನು ಯಾಕೆ ಮನೆಗೆ ಕರೆಯಬೇಕು? ಆ ಎರಡು ಚಾನೆಲ್ಲಿನ ಹಣವನ್ನು ಯುಪಿಎಸ್‌ಗೆ ಹಾಕಿ.

ಮರುಪ್ರಶ್ನೆ: ಬದಿಯಡ್ಕದ ಕೆಮಿಸ್ಟ್

ಮೂವರಿಗೂ ತುಂಬ ಧನ್ಯವಾದಗಳು. ಕ್ಲೋರೈಡ್ ಈಗಾಗಲೇ ಟೈಟ್ರೇಶನ್ನಿನಲ್ಲೇ ಮಾಡುತ್ತಿದ್ದೇವೆ, ಹಾಗೆಯೇ ಮುಂದುವರಿಸುತ್ತೇವೆ. ಹೊಸೂರಿನವರಲ್ಲಿ ಎರಡು ಸಂದೇಹ. ಹೊಳೆಯ ಫಾಸ್ಫೇಟ್ ಲೀಟರಿಗೆ 10 ಮೈಕ್ರೋಗ್ರಾಂ ರಂಜಕದ ಸುತ್ತಮುತ್ತ ಇದ್ದಾಗ ಡಿಸ್‌ಕ್ರೀಟನ್ನು ನಂಬಬಹುದೇ? ಇಷ್ಟು ವರ್ಷ ಕ್ಯಾಡ್ಮಿಯಂ ವಿಧಾನದ ಹೆಸರಿನಲ್ಲಿ ಪ್ರಯೋಗಾಲಯಗಳಿಗೆ ಕೊಡುವ ಎನ್‌ಎಬಿಎಲ್ ಮಾನ್ಯತೆ ಪಡೆದಿರುವ ನಾವು ವೆನೇಡಿಯಂಗೆ ಬದಲಾದರೆ ಏನೇನು ಮಾಡಬೇಕಾಗುತ್ತದೆ?

ಉತ್ತರ 4: ಹೊಸೂರಿನ ಲ್ಯಾಬಿನಿಂದ

10 ಮೈಕ್ರೋಗ್ರಾಂ ಎಂದರೆ ನಂಬಬೇಡಿ. ಆದರೆ ಗಮನಿಸಿ, ಐಎಸ್ 10500ರಲ್ಲಿ ಕುಡಿಯುವ ನೀರಿಗೆ ಫಾಸ್ಫೇಟಿನ ಮಿತಿಯೇ ಇಲ್ಲ. ಸೂಕ್ಷ್ಮ ಅಳತೆ ಬೇಕಾಗಿರುವುದು ನಿಮ್ಮ ಹೊಳೆಯ ಮಾದರಿಗಳಿಗೆ ಮಾತ್ರ. ಅವು ವಾರಕ್ಕೆ ಎಷ್ಟು ಬರುತ್ತವೆ? ಎಂಟು ಹತ್ತು ಎಂದಾದರೆ ಈಗಿನ ಸ್ಪೆಕ್ಟ್ರೋಫೋಟೋಮೀಟರಿಗೆ 50 ಮಿಲಿಮೀಟರಿನ ಕ್ಯುವೆಟ್ ಹಾಕಿ 880 ನ್ಯಾನೋಮೀಟರಿನಲ್ಲಿ ಕೈಯಿಂದಲೇ ಅಳೆಯಿರಿ. ಆ ಹತ್ತು ಮಾದರಿಗಾಗಿ ಇಡೀ ಎಸ್‌ಎಫ್‌ಎ ಕೊಳ್ಳುವುದು ಸರಿಯಲ್ಲ. 0.45 ಮೈಕ್ರೋಮೀಟರ್ ಸೋಸುಕಾಗದದಲ್ಲಿ ಹೊಳೆಯ ದಂಡೆಯಲ್ಲೇ ಸೋಸಿದರೆ ಇನ್ನೂ ಒಳ್ಳೆಯದು.

ವಿಧಾನ ಬದಲಾದರೆ ಮಾನ್ಯತೆಯ ವ್ಯಾಪ್ತಿಯಲ್ಲೂ ಅದು ಬದಲಾಗಬೇಕು. ಐಎಸ್‌ಒ 13395 ಇರುವುದು ಹರಿವಿನ ವಿಧಾನಗಳಿಗೆ, ಡಿಸ್‌ಕ್ರೀಟಿಗೆ ಐಎಸ್‌ಒ 15923-1 ಎಂಬ ಬೇರೆ ಮಾನದಂಡವೇ ಇದೆ. ಯಂತ್ರ ಬಂದ ಮೇಲೆ ಅತಿ ಕಡಿಮೆ ಸ್ಟ್ಯಾಂಡರ್ಡನ್ನು ಏಳು ಸಲ ಓಡಿಸಿ, ಬರುವ ಪ್ರಮಾಣಿತ ವಿಚಲನೆಯನ್ನು 3.143ರಿಂದ ಗುಣಿಸಿ ನಿಮ್ಮದೇ ಪತ್ತೆಮಿತಿಯನ್ನು ಕಂಡುಕೊಳ್ಳಿ; ಕಂಪನಿಯ ಕೈಪಿಡಿಯಲ್ಲಿರುವ ಅಂಕಿ ಅವರ ಶುದ್ಧ ನೀರಿನದು. ಆಮೇಲೆ ಕನಿಷ್ಠ ಮೂವತ್ತು ನಿಜವಾದ ಮಾದರಿಗಳನ್ನು ಹಳೆಯ ವಿಧಾನ, ಹೊಸ ವಿಧಾನ ಎರಡರಲ್ಲೂ ಅದೇ ದಿನ ಮಾಡಿ ಜೋಡಿಜೋಡಿಯಾಗಿ ಹೋಲಿಸಿ, ಪ್ರತಿ ಬಗೆಯ ನೀರಿಗೂ ಗೊತ್ತಿರುವಷ್ಟು ನೈಟ್ರೇಟ್ ಬೆರೆಸಿ ಎಷ್ಟು ಮರಳಿ ಸಿಗುತ್ತದೆಂದು ನೋಡಿ.

ಇದಕ್ಕೂ ಮುಂಚೆ, ಹಣ ಕೊಡುವ ಮೊದಲೇ, ಕಂಪನಿಯವರ ಡೆಮೋ ಪ್ರಯೋಗಾಲಯಕ್ಕೆ ನಿಮ್ಮದೇ ನೀರನ್ನು ಐಸಿನಲ್ಲಿಟ್ಟು ಕಳುಹಿಸಿ. ಬಾಟಲಿಯ ಮೇಲೆ ಸಂಖ್ಯೆ ಮಾತ್ರ ಇರಲಿ. ಅತಿ ಉಪ್ಪಿನದೊಂದು, ಅತಿ ಕಬ್ಬಿಣದ್ದೊಂದು, ಒಂದೇ ಮಾದರಿ ಎರಡು ಸಂಖ್ಯೆಯಲ್ಲಿ, ಜೊತೆಗೆ ನೀವೇ ತಯಾರಿಸಿದ ಒಂದು ಸ್ಟ್ಯಾಂಡರ್ಡ್. ಅಕ್ಕಲಕೋಟೆಯವರು ಸರ್ವಿಸ್ ಬಗ್ಗೆ ಬರೆದದ್ದು ನೂರಕ್ಕೆ ನೂರು ನಿಜ, ನಾನು ಅದನ್ನು ಮೊದಲೇ ಹೇಳಬೇಕಿತ್ತು. ಆಟಿಯ ತೇವಕ್ಕೆ ಹೇಳುವುದಾದರೆ, ಡಿಸ್‌ಕ್ರೀಟಿನ ದೀಪ ಮತ್ತು ಫಿಲ್ಟರುಗಳಿಗೆ ಬೂಷ್ಟು ಹಿಡಿಯದಂತೆ ಆ ಕೋಣೆಯಲ್ಲಿ ತೇವ ತೆಗೆಯುವ ಯಂತ್ರ ಇರಲೇಬೇಕು. ಅಮೋನಿಯಾ ಪರೀಕ್ಷೆಯ ಕೋಣೆಯಲ್ಲಿ ಅಮೋನಿಯಾ ಬೆರೆತ ನೆಲ ಒರೆಸುವ ದ್ರವವನ್ನು ಬಳಸಕೂಡದು, ಬ್ಲ್ಯಾಂಕ್ (ಮಾದರಿ ಇಲ್ಲದ ಶುದ್ಧ ನೀರಿನ ಅಳತೆ) ಏರುತ್ತದೆ.

ಬದಿಯಡ್ಕದ ಕೆಮಿಸ್ಟ್

ಹೊಳೆಯ ಮಾದರಿಗಳು ವಾರಕ್ಕೆ ಆರು ಮಾತ್ರ. ಹಾಗಾಗಿ ಅವುಗಳ ಫಾಸ್ಫೇಟನ್ನು ಉದ್ದನೆಯ ಕ್ಯುವೆಟ್ಟಿನಲ್ಲಿ ನಾವೇ ಮಾಡುತ್ತೇವೆ, ಉಳಿದದ್ದಕ್ಕೆ ಡಿಸ್‌ಕ್ರೀಟ್ ಎಂದು ಸಹೋದ್ಯೋಗಿಯೊಂದಿಗೆ ಕೂತು ತೀರ್ಮಾನಿಸಿದೆವು, ಸರ್ವಿಸಿನವರು ಐದು ದಿನದೊಳಗೆ ಬರುವುದಾಗಿ ಬರೆದುಕೊಟ್ಟರೆ ಮಾತ್ರ. ಬರೆದುಕೊಡಲು ಒಪ್ಪದಿದ್ದರೆ ಅಕ್ಕಲಕೋಟೆಯವರ ದಾರಿಯಲ್ಲಿ ಎರಡು ಚಾನೆಲ್ಲಿನ ಎಫ್‌ಐಎ. ಡೆಮೋಗೆ ಕಳುಹಿಸಲು ಹನ್ನೆರಡು ಬಾಟಲಿಗಳನ್ನು ತೊಳೆದು ಬೋರಲು ಹಾಕಿದ್ದೇನೆ. ನಾಳೆ ಬೆಳಿಗ್ಗೆ ಪೆರ್ಲದ ಎರಡು ಸುರಂಗ, ಮಧ್ಯಾಹ್ನ ಮೊಗ್ರಾಲಿನಲ್ಲಿ ಕಡಲಿಗೆ ತೀರಾ ಹತ್ತಿರದ ಮೂರು ಬಾವಿ, ಸಂಜೆ ಶಿರಿಯಾ ಹೊಳೆ. ಫಲಿತಾಂಶ ಬಂದ ಮೇಲೆ ನಮ್ಮ ಅಂಕಿಗಳ ಜೊತೆ ಇಲ್ಲಿಯೇ ಹಾಕುತ್ತೇನೆ.